ಮಲಗಿದರೆ ಜಾಸ್ತಿಯಾ, ಎದ್ದರೆ ಜಾಸ್ತಿಯಾ? ಮಿದುಳಿನ ನೀರಿನ ಒತ್ತಡದ ತಲೆನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕಣ್ಣಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ತಲೆನೋವು ಅಂತ ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಕನ್ನಡಕ, ಇಲ್ಲ ನಿದ್ದೆ, ಇಲ್ಲ ಮೈಗ್ರೇನ್ ಮಾತ್ರೆ. ಅಪರೂಪಕ್ಕೆ ಒಬ್ಬರ ಕಣ್ಣಿನ ಹಿಂಭಾಗ ನೋಡಿದಾಗ ವಿಷಯ ಬೇರೆಯೇ ಇರುತ್ತದೆ: ತಲೆಯೊಳಗಿನ ನೀರಿನ ಒತ್ತಡ ಏರುಪೇರಾಗಿರುತ್ತದೆ. ಮಾಟುಂಗಾ, ಮುಲುಂಡ್, ಠಾಣೆ, ಡೊಂಬಿವಲಿ ಕಡೆಯ ನಮ್ಮ ಕನ್ನಡದವರು ಕ್ಲಿನಿಕ್ಕಿನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಈ ಬಗ್ಗೆ ಕೇಳುತ್ತಾರೆ. ಅವರು ಕೇಳುವ ಧಾಟಿಯಲ್ಲೇ ಪ್ರಶ್ನೆಗಳನ್ನು ಹಾಕಿದ್ದೇನೆ. ಇದು ತಿಳಿದುಕೊಳ್ಳುವುದಕ್ಕೆ ಮಾತ್ರ. ಔಷಧಿ ಬರೆಯುವುದು, ನಿಲ್ಲಿಸುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ತಲೆಯೊಳಗೆ ನೀರು ಅಂದರೇನು? ಎಲ್ಲರಿಗೂ ಇರುತ್ತದಾ?

ಇರುತ್ತದೆ, ಇರಲೇಬೇಕು. ಮಿದುಳು ಮತ್ತು ಬೆನ್ನುಹುರಿಯ ಸುತ್ತ ಬಣ್ಣವಿಲ್ಲದ ತಿಳಿ ದ್ರವ ತುಂಬಿರುತ್ತದೆ. ಡಾಕ್ಟರುಗಳು ಸಿಎಸ್‌ಎಫ್ ಅನ್ನುತ್ತಾರೆ. ಮಿದುಳು ಸುಮಾರು 1400 ಗ್ರಾಂ ತೂಗುತ್ತದೆ. ಈ ದ್ರವದಲ್ಲಿ ತೇಲುವುದರಿಂದ ಅದರ ಭಾರ 50 ಗ್ರಾಂ ಇದ್ದಷ್ಟೇ ಅನ್ನಿಸುತ್ತದೆ.

ದೊಡ್ಡವರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿ. ಆದರೆ ದಿನಕ್ಕೆ ತಯಾರಾಗುವುದು ಸುಮಾರು 500 ಮಿಲಿ. ಮಿದುಳಿನ ಒಳಕೋಣೆಗಳಲ್ಲಿ ಹುಟ್ಟಿ, ಸುತ್ತಾಡಿ, ಕೊನೆಗೆ ತಲೆಯ ದೊಡ್ಡ ರಕ್ತನಾಳಗಳಿಗೆ ಸೇರಿಹೋಗುತ್ತದೆ. ಅಡುಗೆಮನೆ ಸಿಂಕಿನ ನಲ್ಲಿ ಯಾವಾಗಲೂ ಸಣ್ಣಗೆ ಬಿಟ್ಟಿದೆ ಅಂದುಕೊಳ್ಳಿ. ಕೆಳಗಿನ ಪೈಪ್ ಕಟ್ಟಿಕೊಂಡರೆ ನೀರು ಏರುತ್ತದೆ. ಸಿಂಕಿಗೇ ಬಿರುಕು ಬಿದ್ದರೆ ಇಳಿಯುತ್ತದೆ. ಏರಿದರೂ ತಲೆನೋವು, ಇಳಿದರೂ ತಲೆನೋವು.

ಇದು ಬಿಪಿನಾ? ಬಿಪಿ ಮಾತ್ರೆ ತಗೊಂಡ್ರೆ ಸರಿ ಹೋಗತ್ತಾ?

ಅಲ್ಲ. ಬಿಪಿ ಅಂದರೆ ರಕ್ತದ ಒತ್ತಡ. ಅದು ಬೇರೆ, ಇದು ಬೇರೆ. ಆದರೂ ಬಿಪಿ ನೋಡಿಸಲೇಬೇಕು. ತಲೆಯ ನೀರಿನ ಒತ್ತಡ ಏರಿದಾಗ ಕಣ್ಣಿನ ನರದ ತುದಿ ಊದಿಕೊಳ್ಳುತ್ತದೆ. ಬಿಪಿ ವಿಪರೀತ ಏರಿದಾಗಲೂ ಅದು ಊದಿಕೊಳ್ಳುತ್ತದೆ, ನೋಡಲು ಎರಡೂ ಒಂದೇ ಥರ ಕಾಣುತ್ತವೆ.

ನನಗಿರುವುದು ಒತ್ತಡ ಹೆಚ್ಚಾದ ತಲೆನೋವಾ, ಕಡಿಮೆಯಾದ ತಲೆನೋವಾ? ಹೇಗೆ ಗೊತ್ತಾಗತ್ತೆ?

ಮೊದಲು ಒಂದು ವಿಷಯ ಗಮನಿಸಿ: ಮಲಗಿದಾಗ ಏನಾಗುತ್ತದೆ, ಎದ್ದು ನಿಂತಾಗ ಏನಾಗುತ್ತದೆ? ಈ ಒಂದು ಉತ್ತರ ಸ್ಪಷ್ಟವಾಗಿ ಸಿಕ್ಕಿದರೆ ಡಾಕ್ಟರಿಗೆ ಅರ್ಧ ಕೆಲಸ ಆದಂತೆ. ವಿಚಿತ್ರ ಅಂದರೆ, ರೋಗಿಗಳು ಇದನ್ನು ತಾವಾಗಿ ಹೇಳುವುದೇ ಇಲ್ಲ. "ಎಲ್ಲಿ ನೋವು" ಅಂತ ಹತ್ತು ನಿಮಿಷ ಹೇಳುತ್ತಾರೆ, "ಯಾವಾಗ ನೋವು" ಅಂದರೆ "ಯಾವಾಗಲೂ" ಅನ್ನುತ್ತಾರೆ.

ಒತ್ತಡ ಹೆಚ್ಚಾಗಿದ್ದರೆ ಸಾಮಾನ್ಯವಾಗಿ ಮಲಗಿದಾಗ, ಬೆಳಗಿನ ಜಾವ, ಕೆಮ್ಮಿದಾಗ, ಬಗ್ಗಿದಾಗ, ತಿಣುಕಿದಾಗ ನೋವು ಜಾಸ್ತಿ. ಕಣ್ಣಿನ ಹಿಂದೆ ಒತ್ತಿದ ಹಾಗೆ. ಜೊತೆಗೆ ಮೂರು ಗುರುತುಗಳನ್ನು ಕೇಳಿ ನೋಡಿ. ಬಗ್ಗಿ ಎದ್ದಾಗ ಕೆಲವು ಸೆಕೆಂಡು ಕಣ್ಣು ಮಂಕಾಗುವುದು ಅಥವಾ ಕತ್ತಲಾಗುವುದು. ಕಿವಿಯಲ್ಲಿ ನಾಡಿ ಬಡಿತದ ಲಯಕ್ಕೇ ಸುಂಯ್ ಸುಂಯ್ ಸದ್ದು, ರಾತ್ರಿ ಫ್ಯಾನ್ ನಿಲ್ಲಿಸಿದರೆ ಚೆನ್ನಾಗಿ ಕೇಳಿಸುತ್ತದೆ. ದೂರದ ವಸ್ತು ಪಕ್ಕಪಕ್ಕ ಎರಡೆರಡಾಗಿ ಕಾಣುವುದು, ಉದಾಹರಣೆಗೆ ಸ್ಟೇಷನ್ನಿನ ಇಂಡಿಕೇಟರ್ ಬೋರ್ಡ್.

ಒತ್ತಡ ಕಡಿಮೆಯಾಗಿದ್ದರೆ ಇದಕ್ಕೆ ಉಲ್ಟಾ. ಮಲಗಿದ್ದಾಗ ಹಾಯಾಗಿರುತ್ತದೆ. ಎದ್ದು ಕೂತರೆ, ನಿಂತರೆ ಕೆಲವೇ ನಿಮಿಷಗಳಲ್ಲಿ ಹಿಂದಲೆ, ಕತ್ತು ಹಿಡಿದು ಎಳೆದ ಹಾಗೆ ನೋವು. ಮತ್ತೆ ಮಲಗಿದರೆ ಇಳಿಯುತ್ತದೆ. ಕಿವಿ ಮುಚ್ಚಿದಂತೆ ಆಗುವುದು, ಓಕರಿಕೆ ಕೂಡ ಇರಬಹುದು. ಕೆಲವರಿಗೆ ಇಷ್ಟು ಬೇಗ ಬರುವುದಿಲ್ಲ. ಬೆಳಗ್ಗೆ ಚೆನ್ನಾಗಿ ಎದ್ದು, ಫಾಸ್ಟ್ ಲೋಕಲ್‌ನಲ್ಲಿ ದಾದರ್ ತನಕ ನಿಂತು, ಆಫೀಸಿನಲ್ಲಿ ಕೂತು, ಮಧ್ಯಾಹ್ನ ಕಳೆದ ಮೇಲೆ ತಲೆ ಎತ್ತಲಾಗದಷ್ಟು ನೋವು. ಅದನ್ನು ಎಲ್ಲರೂ "ಕೆಲಸದ ಟೆನ್ಷನ್" ಅಂತ ತಳ್ಳಿಹಾಕುತ್ತಾರೆ. ಭಾನುವಾರ ಮಧ್ಯಾಹ್ನ ಮಲಗಿದರೆ ನೋವೇ ಇಲ್ಲ, ಆದ್ದರಿಂದ ಟೆನ್ಷನ್ನೇ ಅಂತ ಎಲ್ಲರಿಗೂ ಖಾತ್ರಿ.

ಇದಕ್ಕೂ ಮಿತಿ ಇದೆ. ಒತ್ತಡ ಹೆಚ್ಚಾದವರಲ್ಲಿ ಎಷ್ಟೋ ಜನರ ನೋವು ಅಚ್ಚು ಮೈಗ್ರೇನ್ ಥರವೇ ಇರುತ್ತದೆ. ಒತ್ತಡ ಕಡಿಮೆಯಾದವರಲ್ಲೂ ತಿಂಗಳುಗಟ್ಟಲೆ ಕಳೆದರೆ ಮಲಗುವ–ಏಳುವ ವ್ಯತ್ಯಾಸ ಮಸುಕಾಗುತ್ತದೆ. ಆದ್ದರಿಂದ ನೋವು ಶುರುವಾದ ಮೊದಲ ವಾರಗಳಲ್ಲಿ ಹೇಗಿತ್ತು ಅನ್ನುವುದನ್ನು ನೆನಪು ಮಾಡಿಕೊಂಡು ಹೇಳಿ.

ಮೈಗ್ರೇನ್ ಬಂದಾಗಲೂ ಮಲಗಿದರೇ ಹಾಯೆನಿಸುತ್ತದೆ ಅಲ್ವಾ?

ಹೌದು, ಅಲ್ಲೇ ಗೊಂದಲ ಆಗುವುದು. ಮೈಗ್ರೇನಿನಲ್ಲಿ ಕತ್ತಲ ಕೋಣೆ, ಸದ್ದಿಲ್ಲದೆ ಇರುವುದು, ಅಲುಗಾಡದೆ ಇರುವುದು ಸಹಾಯ ಮಾಡುತ್ತದೆ. ಒಮ್ಮೆ ಬಂದರೆ 4 ರಿಂದ 72 ಗಂಟೆ ಇದ್ದು ಹೋಗುತ್ತದೆ, ನಡುವೆ ದಿನಗಟ್ಟಲೆ ಬಿಡುವು ಇರುತ್ತದೆ. ನೀರಿನ ಒತ್ತಡ ಇಳಿದವರಿಗೆ ಲೈಟು ಉರಿಯುತ್ತಿದ್ದರೂ, ಟಿವಿ ಹಾಕಿದ್ದರೂ, ಮಲಗಿದರೆ ಸಾಕು. ಎದ್ದರೆ ಮತ್ತೆ ಹಾಜರ್. ದಿನಾ ಇದೇ ಕಥೆ.

"ಸೈನಸ್" ಅನ್ನುವ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು. ಮೂಗು ಕಟ್ಟಿಲ್ಲ, ಹಳದಿ ಸಿಂಬಳ ಇಲ್ಲ, ಜ್ವರ ಇಲ್ಲ, ಆದರೂ ವರ್ಷಗಟ್ಟಲೆ ಸೈನಸ್ ಮಾತ್ರೆ ನುಂಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಹೆಚ್ಚಿನವರದ್ದು ಮೈಗ್ರೇನ್. ಕೆಲವರದ್ದು ಈ ನೀರಿನ ಒತ್ತಡ.

ಕಾಯದೆ ಓಡಬೇಕಾದದ್ದು ಯಾವಾಗ?

ಜೀವಮಾನದಲ್ಲೇ ಕಾಣದಂಥ ನೋವು ಒಂದೇ ನಿಮಿಷದಲ್ಲಿ ಸಿಡಿಲು ಬಡಿದ ಹಾಗೆ ಬಂದರೆ. ಜ್ವರದ ಜೊತೆ ಕತ್ತು ಬಿಗಿದರೆ. ಫಿಟ್ಸ್ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಮಂಪರು ಹತ್ತಿದರೆ. ದೃಷ್ಟಿ ದಿನದಿಂದ ದಿನಕ್ಕೆ ಮಂಕಾಗುತ್ತಿದ್ದರೆ. ಬಾಣಂತಿಗೆ ಹೊಸದಾಗಿ ಜೋರು ತಲೆನೋವು ಬಂದರೆ. ಇಂಥ ಹೊತ್ತಲ್ಲಿ ನಾಳೆಯ ಅಪಾಯಿಂಟ್‌ಮೆಂಟ್ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ರಿಕ್ಷಾ ಹಿಡಿದು ಕ್ಯಾಶುವಾಲ್ಟಿಗೆ ಹೋಗಿ.

ಚಾರ್ಟ್ ಪೂರ್ತಿ ಓದಿದೆ, ಕಣ್ಣು ಸರಿ ಇದೆ ಅಂದರು. ಮತ್ತೆ ಕಣ್ಣಿನ ಪರೀಕ್ಷೆ ಯಾಕೆ?

ಚಾರ್ಟ್ ಓದುವುದು ನಡುನೋಟದ ಪರೀಕ್ಷೆ. ತಲೆಯೊಳಗಿನ ಒತ್ತಡದಿಂದ ಹಾಳಾಗುವುದು ಸಾಮಾನ್ಯವಾಗಿ ಮೊದಲು ಅಂಚಿನ ನೋಟ. ಅಂಚು ಕರಗುತ್ತಾ ಬಂದರೂ ಕೊನೆಯ ಸಾಲಿನ ಅಕ್ಷರ ಟಕಟಕ ಓದುತ್ತೀರಿ. 6/6 ಅಂತ ಚೀಟಿ ಸಿಗುತ್ತದೆ. ತಲೆನೋವಿಗೆ ಹೊಸ ಕನ್ನಡಕ ಬರೆದು ಕಳಿಸುವುದು ಸುಲಭ. ಆ ಸುಲಭದ ದಾರಿಗೆ ಬಲಿಯಾದವರನ್ನು ನೋಡಿದ್ದೇನೆ, ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಕಣ್ಣಿನ ನರದ ಸುತ್ತಲೂ ಇದೇ ಸಿಎಸ್‌ಎಫ್ ಇದೆ. ತಲೆಯಲ್ಲಿ ಒತ್ತಡ ಏರಿದರೆ ಅದು ನರದ ಉದ್ದಕ್ಕೂ ಕಣ್ಣುಗುಡ್ಡೆಯ ಹಿಂಭಾಗದ ತನಕ ಬರುತ್ತದೆ. ಆರೋಗ್ಯವಾದ ಕಣ್ಣಲ್ಲಿ ನರದ ತುದಿ ದುಂಡಗೆ ಕಾಣುತ್ತದೆ, ಅಂಚು ಸ್ಪಷ್ಟ. ಒತ್ತಡ ಏರಿದಾಗ ಅಂಚು ಅಳಿಸಿದಂತಾಗಿ ಉಬ್ಬುತ್ತದೆ. ಮೇಲೆ ಹಾದುಹೋಗುವ ಸಣ್ಣ ರಕ್ತನಾಳ ಅಲ್ಲಲ್ಲಿ ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಸುತ್ತ ಸಣ್ಣ ರಕ್ತದ ಗೆರೆಗಳು. ಇದಕ್ಕೆ ಪ್ಯಾಪಿಲೆಡೀಮಾ ಅನ್ನುತ್ತಾರೆ. ಇದನ್ನು ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡಬೇಕು. ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ಸ್ಕೂಟರ್ ತರಬೇಡಿ, ಯಾರನ್ನಾದರೂ ಜೊತೆಗೆ ಕರಕೊಂಡು ಬನ್ನಿ.

ಮುಂದಿನದು ಫೀಲ್ಡ್ ಟೆಸ್ಟ್. ಗಲ್ಲ ಸ್ಟ್ಯಾಂಡಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡುತ್ತಿರಬೇಕು. ಅಲ್ಲಿ ಇಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗ ಕೈಯಲ್ಲಿರುವ ಬಟನ್ ಒತ್ತಬೇಕು. ಬೇಸರದ ಪರೀಕ್ಷೆ, ಒಪ್ಪುತ್ತೇನೆ. ಅರ್ಧದಲ್ಲಿ ತೂಕಡಿಸುವವರೂ ಇದ್ದಾರೆ. ಮೊದಲ ಸಲದ ಫಲಿತಾಂಶ ಅಷ್ಟು ನಂಬಿಕೆಗೆ ಬರುವುದಿಲ್ಲ, ಎರಡನೇ ಸಲ ಮಾಡಿಸಿ ಅಂದರೆ ಸಿಟ್ಟಾಗಬೇಡಿ. ಚಿಕಿತ್ಸೆ ಕೆಲಸ ಮಾಡುತ್ತಿದೆಯಾ ಇಲ್ಲವಾ ಅನ್ನುವುದನ್ನು ತೋರಿಸುವುದು ತಲೆನೋವಲ್ಲ, ಈ ಫೀಲ್ಡ್ ಕಾಗದ. ನೋವು ಇಳಿದೂ ದೃಷ್ಟಿ ಹೋಗುತ್ತಿರಬಹುದು. ನೋವು ಇದ್ದೂ ದೃಷ್ಟಿ ಗಟ್ಟಿ ಇರಬಹುದು.

ಉಬ್ಬಿದಂತೆ ಕಂಡದ್ದೆಲ್ಲ ಪ್ಯಾಪಿಲೆಡೀಮಾ ಅಲ್ಲ ಅನ್ನುವುದೂ ನಿಜ. ಕೆಲವರಿಗೆ ಹುಟ್ಟಿನಿಂದಲೇ ನರದ ತುದಿ ಹಾಗಿರುತ್ತದೆ, ಕೆಲವರಿಗೆ ಅಲ್ಲಿ ಸುಣ್ಣದ ಕಣಗಳು ಸೇರಿರುತ್ತವೆ. ಓಸಿಟಿ (ಕಣ್ಣಿನ ಒಳಪದರಗಳ ಸ್ಕ್ಯಾನ್), ಬಿ-ಸ್ಕ್ಯಾನ್ (ಕಣ್ಣಿನ ಸೋನೋಗ್ರಫಿ) ಮಾಡಿ ಬೇರ್ಪಡಿಸುತ್ತಾರೆ.

ಐಐಎಚ್ ಅಂತ ಬರೆದಿದ್ದಾರೆ. ಏನದು? ಯಾರಿಗೆ ಬರುತ್ತದೆ?

ಗೆಡ್ಡೆ ಇಲ್ಲ, ಸೋಂಕು ಇಲ್ಲ, ರಕ್ತನಾಳದಲ್ಲಿ ಹೆಪ್ಪು ಇಲ್ಲ, ಆದರೂ ಒತ್ತಡ ಏರಿದೆ ಅಂದರೆ ಐಐಎಚ್. ಹೆಚ್ಚಾಗಿ 20 ರಿಂದ 45 ವಯಸ್ಸಿನ, ತೂಕ ಜಾಸ್ತಿ ಇರುವ ಹೆಂಗಸರಿಗೆ. ಅದರಲ್ಲೂ ಕೆಲವೇ ತಿಂಗಳಲ್ಲಿ ತೂಕ ಏರಿದವರಿಗೆ. ಗಂಡಸರಿಗೆ, ಮಕ್ಕಳಿಗೆ, ತೆಳ್ಳಗಿರುವವರಿಗೆ ಬರುವುದೇ ಇಲ್ಲ ಅಂತಲ್ಲ. ಆದರೆ ಅಂಥವರಲ್ಲಿ ಬೇರೆ ಕಾರಣ ಇದೆಯಾ ಅಂತ ಇನ್ನಷ್ಟು ಹುಡುಕಬೇಕು. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಕ್ತಹೀನತೆ ಇದ್ದರೆ ಅದನ್ನೂ ಸರಿ ಮಾಡಬೇಕು. ಹಿಮೊಗ್ಲೋಬಿನ್ ಕಡಿಮೆ ಇರುವ ಹೆಂಗಸರು ನಮ್ಮಲ್ಲಿ ಕಡಿಮೆಯೇನಲ್ಲ.

ಹಿಂದೆ ಇದನ್ನು "ಬಿನೈನ್", ಅಂದರೆ ಅಪಾಯವಿಲ್ಲದ್ದು ಅನ್ನುತ್ತಿದ್ದರು. ದೃಷ್ಟಿ ಹೋಗುತ್ತದೆ ಅಂತ ಗೊತ್ತಾದ ಮೇಲೆ ಆ ಹೆಸರು ಬಿಟ್ಟರು.

ಮೊಡವೆ ಮಾತ್ರೆಯಿಂದಲೂ ಆಗುತ್ತದಂತೆ, ಹೌದಾ?

ಹೌದು. ಐಸೊಟ್ರೆಟಿನೊಯಿನ್, ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಮೂರೂ ಮೊಡವೆಗೆ ಕೊಡುವಂಥವು, ಮೂರಕ್ಕೂ ಈ ಅಪಾಯ ಇದೆ. ಐಸೊಟ್ರೆಟಿನೊಯಿನ್ ಜೊತೆ ಉಳಿದೆರಡನ್ನು ಒಟ್ಟಿಗೆ ತಗೊಳ್ಳಲೇಬಾರದು. ವಿಟಮಿನ್ ಎ ಗುಳಿಗೆಯನ್ನು ಅಳತೆ ಮೀರಿ ತಿನ್ನುವುದು, ಬೆಳವಣಿಗೆಯ ಹಾರ್ಮೋನ್, ಲಿಥಿಯಂ, ಬಹಳ ದಿನ ತಿಂದ ಸ್ಟಿರಾಯ್ಡನ್ನು ಥಟ್ಟನೆ ಬಿಡುವುದು ಕೂಡ ಕಾರಣ ಆಗಬಹುದು. ಕಾಲೇಜು ಹುಡುಗಿಯರು ಗೆಳತಿಯ ಚೀಟಿ ತೋರಿಸಿ ಮೆಡಿಕಲ್‌ನಿಂದ ಮಾತ್ರೆ ತರುತ್ತಾರೆ, ಮನೆಯಲ್ಲಿ ಗೊತ್ತೂ ಇರುವುದಿಲ್ಲ. ಅಮ್ಮಂದಿರು ಬೈಯದೆ ಕೇಳಿ. ಡಾಕ್ಟರಿಗೆ ಎಲ್ಲ ಸ್ಟ್ರಿಪ್ ತೋರಿಸಿ.

ಎಂಆರ್‌ಐ ಸಾಕಲ್ವಾ? ಎಂಆರ್‌ವಿ ಅಂತ ಇನ್ನೊಂದು ಯಾಕೆ? ದುಡ್ಡು ಮಾಡೋದಕ್ಕಾ?

ಇದರಲ್ಲಿ ಅಲ್ಲ. ಎಂಆರ್‌ಐ ಗೆಡ್ಡೆ, ನೀರು ತುಂಬಿದ ಕೋಣೆ, ಟಿಬಿ ಸೋಂಕಿನ ಗುರುತು, ಲಾಡಿಹುಳದ ಗಂಟು ತೋರಿಸುತ್ತದೆ. ಎಂಆರ್‌ವಿ ತೋರಿಸುವುದು ತಲೆಯಿಂದ ರಕ್ತ ವಾಪಸ್ ಬರುವ ನಾಳಗಳನ್ನು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ನೀರು ಇಂಗುವ ದಾರಿಯೇ ಮುಚ್ಚಿಹೋಗಿ ಒತ್ತಡ ಏರುತ್ತದೆ. ಬಾಣಂತಿಯರಲ್ಲಿ, ಗರ್ಭನಿರೋಧಕ ಗುಳಿಗೆ ತಿನ್ನುವವರಲ್ಲಿ, ಮೈಯಲ್ಲಿ ನೀರು ಬತ್ತಿದವರಲ್ಲಿ ಇದು ಆಗುತ್ತದೆ. ಬಾಣಂತಿಗೆ ನೀರು ಕೊಡಬಾರದು ಅನ್ನುವ ಅಜ್ಜಿಯ ಕಟ್ಟಳೆ ಇನ್ನೂ ಕೆಲವು ಮನೆಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಹೆಪ್ಪುಗಟ್ಟಿದ್ದಕ್ಕೆ ಚಿಕಿತ್ಸೆಯೇ ಬೇರೆ, ಅದಕ್ಕೇ ನೋಡದೆ ಐಐಎಚ್ ಅನ್ನುವಂತಿಲ್ಲ.

ರಿಪೋರ್ಟಿನಲ್ಲಿ "ಎಂಪ್ಟಿ ಸೆಲ್ಲಾ" ಅಂತಿದೆ. ತಲೆಯೊಳಗೆ ಏನೋ ಖಾಲಿಯಾಗಿದೆಯಾ?

ಗಾಬರಿಯಾಗಬೇಡಿ. ಪಿಟ್ಯುಟರಿ ಗ್ರಂಥಿ ಕೂರುವ ಸಣ್ಣ ಗುಳಿ ಅದು. ಒತ್ತಡಕ್ಕೆ ಗ್ರಂಥಿ ತಳಕ್ಕೆ ಒತ್ತಿಕೊಂಡರೆ ಗುಳಿ ಖಾಲಿ ಕಂಡಂತೆ ಕಾಣುತ್ತದೆ. ಏನೂ ತೊಂದರೆ ಇಲ್ಲದವರಲ್ಲೂ ಇದು ಸಿಗುತ್ತದೆ. ಅದೊಂದರಿಂದಲೇ ಕಾಯಿಲೆ ಇದೆ ಅಂತ ತೀರ್ಮಾನ ಆಗುವುದಿಲ್ಲ.

ಬೆನ್ನಿನಿಂದ ನೀರು ತೆಗೆಯಬೇಕಂತೆ. ಕಾಲು ಸ್ವಾಧೀನ ತಪ್ಪುತ್ತಂತೆ, ನಿಜವಾ?

ಈ ಹೆದರಿಕೆಯಿಂದಲೇ ಎಷ್ಟೋ ಜನ ಆಸ್ಪತ್ರೆಯಿಂದ ಸಹಿ ಹಾಕಿ ಹೊರಬರುತ್ತಾರೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಒಂದೆರಡು ಮೂಳೆಗಳ ಮಟ್ಟಕ್ಕೆ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಹುರಿ ಇಲ್ಲ, ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ. ಹೀಗೆ ನೀರು ತೆಗೆಯುವುದನ್ನು 1891ರಲ್ಲಿ ಜರ್ಮನಿಯ ಹೈನ್ರಿಖ್ ಕ್ವಿಂಕೆ ಶುರು ಮಾಡಿದ್ದು. ಇವತ್ತು ವಾರ್ಡುಗಳಲ್ಲಿ ದಿನನಿತ್ಯದ ಕೆಲಸ. ಮೊದಲು ಸ್ಕ್ಯಾನ್ ಮಾಡಿ ಗೆಡ್ಡೆ ಇಲ್ಲ ಅಂತ ನೋಡಿಕೊಂಡೇ ಮಾಡುತ್ತಾರೆ.

ಮಗ್ಗುಲಾಗಿ ಮಲಗಿಸುತ್ತಾರೆ. ಮಂಡಿ ಹೊಟ್ಟೆಯ ಕಡೆಗೆ, ಗಲ್ಲ ಎದೆಯ ಕಡೆಗೆ. ಚರ್ಮ ಮರಗಟ್ಟಿಸಿ ಸೂಜಿ ಹಾಕಿ, ಅದಕ್ಕೊಂದು ನೆಟ್ಟಗಿನ ಕೊಳವೆ ಸೇರಿಸುತ್ತಾರೆ. ನೀರು ಎಷ್ಟು ಸೆಂಟಿಮೀಟರ್ ಏರುತ್ತದೆ ಅನ್ನುವುದೇ ಒತ್ತಡದ ಲೆಕ್ಕ. ದೊಡ್ಡವರಲ್ಲಿ 25 ದಾಟಿದರೆ ಹೆಚ್ಚು, 6ಕ್ಕಿಂತ ಕೆಳಗಿದ್ದರೆ ಕಡಿಮೆ. ಅಳೆಯುವಾಗ ಕಾಲು ಸಡಿಲ ಬಿಡಿ, ಉಸಿರು ಬಿಗಿಹಿಡಿಯಬೇಡಿ, ಅಳಬೇಡಿ. ಹೊಟ್ಟೆ ಬಿಗಿದರೆ ಕೊಳವೆಯಲ್ಲಿ ನೀರು ಸುಮ್ನೆ ಏರಿ ತಪ್ಪು ಲೆಕ್ಕ ತೋರಿಸುತ್ತದೆ.

ಒಮ್ಮೆ ನೀರು ತೆಗೆದರೆ ಮುಗೀತಲ್ಲ?

ಇಲ್ಲ. ಗಂಟೆಗೆ ಸುಮಾರು 20 ಮಿಲಿ ಮತ್ತೆ ತಯಾರಾಗುತ್ತದೆ. ತೆಗೆದದ್ದು ಸ್ವಲ್ಪ ಹೊತ್ತಲ್ಲೇ ತುಂಬಿಕೊಳ್ಳುತ್ತದೆ. ಅವತ್ತು ಹಗುರ ಅನ್ನಿಸುತ್ತದೆ ಅಷ್ಟೇ. ಅಂದ ಹಾಗೆ, ನೀವು ಕುಡಿಯುವ ನೀರಿಗೂ ಇದಕ್ಕೂ ನೇರ ಲೆಕ್ಕ ಇಲ್ಲ. ನೀರು ಕುಡಿಯುವುದು ಕಡಿಮೆ ಮಾಡಿ ಒತ್ತಡ ಇಳಿಸಲು ಹೋಗಬೇಡಿ.

ಡಯಮಾಕ್ಸ್ ಶುರು ಮಾಡಿದ ಮೇಲೆ ಬೆರಳು ಜುಮುಜುಮು ಅನ್ನುತ್ತದೆ. ನಿಲ್ಲಿಸಲಾ?

ಕೇಳದೆ ನಿಲ್ಲಿಸಬೇಡಿ. ಅಸೆಟಜೋಲಮೈಡ್, ಅಂದರೆ ಡಯಮಾಕ್ಸ್, ನೀರು ತಯಾರಾಗುವುದನ್ನೇ ಕಡಿಮೆ ಮಾಡುತ್ತದೆ. ಬೆರಳು, ತುಟಿ ಜುಮುಗುಟ್ಟುವುದು, ಪದೇ ಪದೇ ಮೂತ್ರ, ಸುಸ್ತು, ಸೋಡಾ ಕುಡಿದರೆ ಸಪ್ಪೆ ಅನ್ನಿಸುವುದು ಎಲ್ಲ ಇದರ ಜೊತೆ ಬರುವಂಥವು. ಮುಂಚೆ ಕಿಡ್ನಿ ಕಲ್ಲು ಆಗಿದ್ದರೆ, ಸಲ್ಫಾ ಔಷಧಿ ಆಗದಿದ್ದರೆ, ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 165 ಜನರನ್ನು ನೋಡಿದರು. ತೂಕ ಇಳಿಸುವ ಆಹಾರದ ಜೊತೆ ಈ ಮಾತ್ರೆ ತಗೊಂಡವರ ದೃಷ್ಟಿ ಬರೀ ಆಹಾರ ಬದಲಿಸಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ತೂಕ ಇಳಿಸಿ ಅನ್ನುತ್ತಾರೆ. ತಲೆನೋವಿಗೂ ತೂಕಕ್ಕೂ ಏನು ಸಂಬಂಧ?

ಐಐಎಚ್‌ನಲ್ಲಿ ಕಾಯಿಲೆಯನ್ನೇ ಬದಲಿಸುವ ಮದ್ದು ಇದೇ. ಮಾತ್ರೆ ಅಲ್ಲಿಯ ತನಕ ಕಣ್ಣು ಕಾಯುವುದಕ್ಕೆ. ಇರುವ ತೂಕದಲ್ಲಿ ಶೇಕಡಾ 5 ರಿಂದ 15 ಇಳಿದರೆ ಹೆಚ್ಚಿನವರಿಗೆ ಒತ್ತಡ ಗಮನಾರ್ಹವಾಗಿ ಇಳಿಯುತ್ತದೆ. 80 ಕಿಲೋ ಇದ್ದವರಿಗೆ ಅದು 4 ರಿಂದ 12 ಕಿಲೋ. ಹೇಳಿದಷ್ಟು ಸುಲಭ ಅಲ್ಲ. ಬೆಳಗ್ಗೆ ಆರಕ್ಕೆ ಡಬ್ಬಿ ಕಟ್ಟಿ, ಎರಡು ಹೊತ್ತು ಟ್ರೇನಿನಲ್ಲಿ ನುಗ್ಗಿ, ರಾತ್ರಿ ಒಂಬತ್ತಕ್ಕೆ ಮನೆಗೆ ಬರುವ ಹೆಂಗಸಿಗೆ "ವಾಕಿಂಗ್ ಹೋಗಿ" ಅಂದುಬಿಟ್ಟರೆ ಆಯಿತಾ? ಡಯಟೀಷಿಯನ್ ಹತ್ತಿರ ಕಳಿಸಿ ಅಂತ ಕೇಳಿ. ತೂಕ ತುಂಬಾ ಜಾಸ್ತಿ ಇದ್ದು ಇಳಿಯದಿದ್ದರೆ ಬೇರಿಯಾಟ್ರಿಕ್ ಸರ್ಜರಿಯ ಬಗ್ಗೆ ಡಾಕ್ಟರೇ ಮಾತೆತ್ತುತ್ತಾರೆ. ಮನೆಯವರು ತಮಾಷೆ ಮಾಡುವುದನ್ನು ನಿಲ್ಲಿಸಿದರೆ ಅದೂ ದೊಡ್ಡ ಉಪಕಾರ.

ಆಪರೇಷನ್ ಯಾವಾಗ ಬೇಕಾಗುತ್ತದೆ?

ದೃಷ್ಟಿ ಬೇಗ ಬೇಗ ಹೋಗುತ್ತಿದ್ದರೆ, ಔಷಧಿಗೆ ಬಗ್ಗದಿದ್ದರೆ. ತಲೆಯಿಂದ ಹೊಟ್ಟೆಗೆ ಚರ್ಮದೊಳಗೆ ಸಣ್ಣ ನಳಿಗೆ ಇಡುವ ವಿಪಿ ಶಂಟ್, ಕಣ್ಣಿನ ನರದ ಹೊದಿಕೆಗೆ ಕಿಂಡಿ ಮಾಡುವುದು, ಇಕ್ಕಟ್ಟಾದ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು, ಈ ಮೂರರಲ್ಲಿ ಯಾವುದು ಅನ್ನುವುದು ರೋಗಿಯ ಮೇಲೆ ಹೋಗುತ್ತದೆ. ಶಂಟ್ ಕಟ್ಟಿಕೊಳ್ಳಬಹುದು, ಸೋಂಕು ಆಗಬಹುದು. ಬರೀ ತಲೆನೋವಿಗಾಗಿ ಅದನ್ನು ಹಾಕಿಸಿಕೊಳ್ಳಲು ಅವಸರ ಮಾಡಬೇಡಿ.

ಸಿಸೇರಿಯನ್ ಆದ ಮೂರನೇ ದಿನದಿಂದ ಎದ್ದು ಕೂತರೆ ತಲೆ ಸಿಡಿಯುತ್ತದೆ. ದಿಂಬು ಇಟ್ಟುಕೊಂಡಿದ್ದಕ್ಕೆ ಅನ್ನುತ್ತಾರೆ ಅತ್ತೆ.

ದಿಂಬಿನದ್ದು ಏನೂ ತಪ್ಪಿಲ್ಲ. ಸ್ಪೈನಲ್ ಇಂಜೆಕ್ಷನ್ನಿನ ಸೂಜಿ ಮಾಡಿದ ಸಣ್ಣ ತೂತಿನಿಂದ ನೀರು ಸೋರುತ್ತಿರಬಹುದು. ಸಾಮಾನ್ಯವಾಗಿ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಚಿಕ್ಕ ವಯಸ್ಸಿನ ಹೆಂಗಸರಿಗೆ, ಬಸುರಿಯರಿಗೆ ಸಂಭವ ಜಾಸ್ತಿ. ಇಂಜೆಕ್ಷನ್ ಆದ ಮೇಲೆ ತಲೆ ಎತ್ತದೆ ದಿನವಿಡೀ ಮಲಗಿಸಿದರೆ ತಪ್ಪುತ್ತದೆ ಅಂತ ಹಿಂದೆ ನಂಬಿದ್ದರು. ಅದರಿಂದ ತಪ್ಪುವುದಿಲ್ಲ ಅಂತ ಈಗ ಗೊತ್ತಾಗಿದೆ. ತಪ್ಪಿಸುವುದು ತೆಳ್ಳನೆಯ, ಪೆನ್ಸಿಲ್ ಮೊನೆಯಂಥ ಸೂಜಿ.

ಈ ನೋವಿಗೆ ಒಂದು ಒಳ್ಳೆಯ ಕಥೆಯೂ ಇದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬೀಯರ್ ಸ್ಪೈನಲ್ ಅನೆಸ್ತೇಷಿಯಾವನ್ನು ತನ್ನ ಮೇಲೇ ಪ್ರಯೋಗಿಸಲು ಸಹಾಯಕನಿಗೆ ಹೇಳಿದ. ಸೂಜಿ ಹಾಕಿದ ಮೇಲೆ ನೋಡಿದರೆ ಸಿರಿಂಜ್ ಸೂಜಿಗೆ ಕೂರುತ್ತಿಲ್ಲ! ಜೋಡಿಸುವ ಪರದಾಟದಲ್ಲಿ ಸಾಕಷ್ಟು ನೀರು ಸೋರಿಹೋಯಿತು. ಅದಾದ ಮೇಲೆ ಬೀಯರ್ ಒಂಬತ್ತು ದಿನ ಹಾಸಿಗೆ ಹಿಡಿದ. ಎದ್ದರೆ ನೋವು, ಮಲಗಿದರೆ ಇಲ್ಲ ಅಂತ ತಾನೇ ಬರೆದಿಟ್ಟ.

ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತಾನಾಗಿ ಹೋಗುತ್ತದೆ. ಆದರೂ ಹೆರಿಗೆ ಮಾಡಿಸಿದ ಡಾಕ್ಟರಿಗೆ ಅಥವಾ ಅನೆಸ್ತೇಷಿಯಾ ಕೊಟ್ಟವರಿಗೆ ತಿಳಿಸಲೇಬೇಕು. ಮಲಗಿದರೂ ಇಳಿಯದ ನೋವು, ಏರಿದ ಬಿಪಿ, ಫಿಟ್ಸ್ ಇದ್ದರೆ ಅದು ಈ ನೋವಲ್ಲ, ಮೇಲೆ ಹೇಳಿದ ಹೆಪ್ಪಿನ ಅಥವಾ ಬಾಣಂತಿ ಬಿಪಿಯ ಲಕ್ಷಣ ಇರಬಹುದು.

ಇಂಜೆಕ್ಷನ್ ಏನೂ ಹಾಕಿಸಿಲ್ಲ. ತಾನಾಗಿ ಸೋರುತ್ತದಾ?

ಸೋರುತ್ತದೆ. ಬೆನ್ನುಮೂಳೆಯಲ್ಲಿ ಬೆಳೆದ ಚೂಪು ಮುಳ್ಳು, ಈ ನೀರನ್ನು ಹಿಡಿದಿಡುವ ಹೊದಿಕೆಯನ್ನು ಸೀಳಬಹುದು. ಹೊದಿಕೆ ಹುಟ್ಟಿನಿಂದಲೇ ತೆಳ್ಳಗಿದ್ದು ಉಬ್ಬಿ ಒಡೆಯಬಹುದು. ನೀರು ನೇರವಾಗಿ ರಕ್ತನಾಳಕ್ಕೆ ಸೇರುವ ಕಳ್ಳದಾರಿಯೂ ಇರುತ್ತದೆ, ಅದನ್ನು ಡಾಕ್ಟರುಗಳು ಗುರುತಿಸಿದ್ದೇ 2014ರಲ್ಲಿ. ಸೋರುವುದು ಬೆನ್ನಿನಲ್ಲಿ, ನೋಯುವುದು ತಲೆಯಲ್ಲಿ. ಆದ್ದರಿಂದ ಕಾಂಟ್ರಾಸ್ಟ್ ಇಂಜೆಕ್ಷನ್ ಹಾಕಿ ತೆಗೆದ ತಲೆಯ ಎಂಆರ್‌ಐ ಜೊತೆ ಬೆನ್ನಿನದ್ದೂ ಬೇಕಾಗುತ್ತದೆ. ಬೆನ್ನಿನಲ್ಲಿ ಅಳೆದ ಒತ್ತಡ ನಾರ್ಮಲ್ ಬಂದರೂ ಸೋರಿಕೆ ಇಲ್ಲ ಅಂತ ಹೇಳಲಾಗದು. ಗಮನಿಸದೆ ಬಿಟ್ಟರೆ ಮಿದುಳಿನ ಸುತ್ತ ರಕ್ತ ಸೇರಿಕೊಳ್ಳುವ ಅಪಾಯ ಇದೆ.

ಬ್ಲಡ್ ಪ್ಯಾಚ್ ಅಂದರೆ ಬೇರೆಯವರ ರಕ್ತ ಹಾಕುತ್ತಾರಾ?

ನಿಮ್ಮದೇ ರಕ್ತ. ಕೈಯಿಂದ ತೆಗೆದು, ಬೆನ್ನಿನಲ್ಲಿ ಹೊದಿಕೆಯ ಹೊರಗಿನ ಜಾಗಕ್ಕೆ ಹಾಕುತ್ತಾರೆ. ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. 1960ರಲ್ಲಿ ಜೇಮ್ಸ್ ಗಾರ್ಮ್ಲಿ ಎರಡು ಮೂರು ಮಿಲಿ ಹಾಕಿ ತೋರಿಸಿದ. ಈಗ ಸ್ಪೈನಲ್ ನಂತರದ ನೋವಿಗೆ ಸುಮಾರು 20 ಮಿಲಿ ಹಾಕುತ್ತಾರೆ. ಕೆಲವರಿಗೆ ಅಲ್ಲೇ, ಮೇಜಿನ ಮೇಲೇ ನೋವು ಇಳಿಯುತ್ತದೆ. ತಾನಾಗಿ ಆದ ಸೋರಿಕೆಗೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಆಮೇಲೆ ಕೆಲವು ವಾರ ಬಗ್ಗುವುದು, ಸೊಂಟ ತಿರುಗಿಸುವುದು, ಭಾರ ಎತ್ತುವುದು ಬೇಡ. ನೀರಿನ ಕೊಡ, ಸಿಲಿಂಡರ್, ಮಗು ಎಲ್ಲ ಭಾರದ ಲೆಕ್ಕಕ್ಕೇ ಬರುತ್ತವೆ.

ಪ್ಯಾಚ್ ಆದ ಮೇಲೆ ನೋವಿನ ಸ್ವಭಾವ ಉಲ್ಟಾ ಆದರೆ, ಅಂದರೆ ಈಗ ಮಲಗಿದರೆ ಜಾಸ್ತಿ, ಹಣೆಯಲ್ಲಿ, ಕಣ್ಣಿನ ಹಿಂದೆ, ಆಗ ಒತ್ತಡ ಒಮ್ಮೆಲೇ ಏರಿದೆ ಅಂತ ಅರ್ಥ. ಪ್ಯಾಚ್ ಕೆಟ್ಟಿತು ಅಂದುಕೊಂಡು ಇನ್ನೊಂದು ಹಾಕಿಸಿಕೊಳ್ಳುವ ಮೊದಲು ಇದನ್ನು ಹೇಳಿ.

ಕಾಫಿ ಕುಡಿದರೆ ಒಳ್ಳೆಯದಂತೆ?

ಒತ್ತಡ ಇಳಿದ ನೋವಿಗೆ ಕೆಲವರಿಗೆ ಸಹಾಯ ಆಗುತ್ತದೆ, ಸ್ವಲ್ಪ ಹೊತ್ತು. ಮಾಟುಂಗಾದ ಫಿಲ್ಟರ್ ಕಾಫಿಗೆ ನೆಪ ಬೇಕಿದ್ದವರು ಇದನ್ನು ಹಿಡಿದುಕೊಳ್ಳಬಹುದು. ಸೋರುವ ತೂತನ್ನು ಕಾಫಿ ಮುಚ್ಚುವುದಿಲ್ಲ.

ಬಗ್ಗಿದರೆ ಒಂದೇ ಮೂಗಿನಿಂದ ನೀರು ತೊಟ್ಟಿಕ್ಕುತ್ತದೆ. ನೆಗಡಿನಾ?

ಒಂದೇ ಹೊಳ್ಳೆ, ತಿಳಿ ನೀರು, ಬಗ್ಗಿದಾಗ ತೊಟ್ಟು ತೊಟ್ಟಾಗಿ, ಬಾಯಿಗೆ ಉಪ್ಪುಪ್ಪು. ಹೀಗಿದ್ದರೆ ಅದು ಮಿದುಳಿನ ನೀರೇ ಇರಬಹುದು. ಒಂದು ಶುಭ್ರ ಡಬ್ಬಿಯಲ್ಲಿ ಹಿಡಿದು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ಆ ದಾರಿಯಲ್ಲಿ ಸೋಂಕು ಮಿದುಳಿಗೆ ಏರಬಹುದು, ತಡ ಮಾಡಬೇಡಿ.

ಯೋಗ ಮಾಡಬಹುದಾ?

ಒತ್ತಡ ಹೆಚ್ಚಿದ್ದರೆ ಶೀರ್ಷಾಸನ, ಸರ್ವಾಂಗಾಸನ ಬೇಡ. ಸೋರಿಕೆ ಇದ್ದರೆ ಬೆನ್ನು ಬಗ್ಗಿಸುವ, ತಿರುಚುವ ಆಸನ ಬೇಡ. ಸಲೂನಿನಲ್ಲಿ ಚಂಪಿ ಆದ ಮೇಲೆ ಕತ್ತು ಲಟಕ್ ಅನ್ನಿಸುತ್ತಾರಲ್ಲ, ಅದು ಯಾರಿಗೂ ಬೇಡ. ಕತ್ತಿನ ರಕ್ತನಾಳ ಒಳಗೊಳಗೇ ಸೀಳಬಹುದು.

ಮುಂಬೈಯಲ್ಲಿ ಎಲ್ಲಿಗೆ ಹೋಗಬೇಕು? ಮರಾಠಿಯಲ್ಲಿ ಹೇಗೆ ಹೇಳಲಿ?

ಮೊದಲು ಕಣ್ಣಿನ ಡಾಕ್ಟರ್, ಆಮೇಲೆ ನ್ಯೂರೋ. ಖಾಸಗಿ ಬೇಡ ಅಂದರೆ ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲ್‌ನ ನಾಯರ್, ಭಾಯಖಳಾದ ಜೆಜೆ ಇವೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಒಪಿಡಿ ದಿನ ಯಾವುದು ಅಂತ ಮೊದಲೇ ವಿಚಾರಿಸಿ. ಆಪರೇಷನ್ ತನಕ ಹೋದರೆ, ಸರ್ಕಾರದ ಉಚಿತ ಚಿಕಿತ್ಸೆಯ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಬರುತ್ತದಾ ಅಂತ ಅಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ, ರೇಷನ್ ಕಾರ್ಡ್ ಇಟ್ಟುಕೊಳ್ಳಿ.

ಊರಿನಿಂದ ಬಂದ ಅಮ್ಮ, ಅತ್ತೆ ಒಬ್ಬರೇ ಹೋಗುವುದಾದರೆ ಈ ಸಾಲುಗಳನ್ನು ಚೀಟಿಯಲ್ಲಿ ಬರೆದುಕೊಡಿ. ನಿಂತರೆ ನೋವು, ಮಲಗಿದರೆ ಕಡಿಮೆ: "ಉಭಂ ರಾಹಿಲಂ ಕೀ ಡೋಕಂ ದುಖತಂ, ಆಡವಂ ಝಾಲಂ ಕೀ ಕಮೀ ಹೋತಂ." ಮಲಗಿದರೆ ಜಾಸ್ತಿ: "ಆಡವಂ ಝಾಲಂ ಕೀ ಜಾಸ್ತ ದುಖತಂ." ಬಗ್ಗಿದರೆ ಕಣ್ಣು ಕತ್ತಲಾಗುತ್ತದೆ: "ವಾಕಲಂ ಕೀ ಡೋಳ್ಯಾಪುಢೇ ಅಂಧಾರೀ ಯೇತೇ."

ಚಿಕಿತ್ಸೆ ನಡೆಯುತ್ತಿದೆ, ನಡುವೆ ಊರಿಗೆ ಹೋಗಬಹುದಾ?

ಡಾಕ್ಟರ್ ಸರಿ ಅಂದರೆ ಹೋಗಿ. ಒತ್ತಡ ಕಡಿಮೆ ಇರುವವರು, ಹೊಸದಾಗಿ ಪ್ಯಾಚ್ ಆದವರು ಕೂತು ಹೋಗುವ ಬಸ್ಸು ಬಿಟ್ಟು ರೈಲಿನಲ್ಲಿ ಕೆಳಗಿನ ಬರ್ತ್ ತಗೊಳ್ಳಿ. ಬ್ಯಾಗು ಬೇರೆಯವರು ಎತ್ತಲಿ. ಒತ್ತಡ ಹೆಚ್ಚಿರುವವರು ಮಾತ್ರೆ ಅಲ್ಲಿ ಸಿಗುತ್ತದೆ ಅಂತ ನಂಬಿ ಹೋಗಬೇಡಿ, ಪೂರ್ತಿ ದಿನಗಳಿಗೆ ಆಗುವಷ್ಟು ಒಯ್ಯಿರಿ. ಎಂಆರ್‌ಐ ಸಿಡಿ ಮನೆಯಲ್ಲಿರಲಿ, ಅದರ ರಿಪೋರ್ಟು ಮತ್ತು ಕೊನೆಯ ಫೀಲ್ಡ್ ಟೆಸ್ಟಿನ ಫೋಟೋ ಮೊಬೈಲಿನಲ್ಲಿರಲಿ. ಮಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ದೃಷ್ಟಿ ಮಂಕಾದರೆ, ಅಲ್ಲಿಯ ಕಣ್ಣಿನ ಡಾಕ್ಟರಿಗೆ ಹೋಲಿಸಿ ನೋಡಲು ಹಳೆಯ ಫೀಲ್ಡ್ ಬೇಕೇ ಬೇಕು.